ಕೆಂಪು ಹೊಳೆಯ ದಂಡೆಯಲ್ಲಿ ಎರಡು ದಿನ

ಬ್ರೆಜಿಲ್ ದೇಶದ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸು ಕಡಲ ತೀರಕ್ಕೆ ಓಡುತ್ತದೆ. ರಿಯೊ ನಗರದ ಮರಳದಂಡೆ, ಕಾಲ್ಚೆಂಡಿನ ಮೈದಾನ, ಕಾಫಿಯ ತೋಟ, ಬಹಳವಾದರೆ ಅಮೆಜಾನಿನ ಕಾಡು. ಇಷ್ಟರಲ್ಲಿ ನಮ್ಮ ಪರಿಚಯ ಮುಗಿಯಿತು. ಬಂದ ಅತಿಥಿಯು ಜಗಲಿಯ ಮೇಲೆಯೇ ಕುಳಿತು ಒಂದು ಲೋಟ ಕಾಫಿ ಕುಡಿದು ಎದ್ದುಹೋದಂತೆ! ಆ ಮನೆಯ ನಡುಮನೆ ಹೇಗಿದೆ, ಅಡುಗೆಮನೆಯಲ್ಲಿ ಏನು ಬೇಯುತ್ತಿದೆ, ಹಿತ್ತಲಿನಲ್ಲಿ ಯಾವ ಗಿಡವಿದೆ ಎಂಬುದನ್ನು ಅವನು ಕಾಣಲೇ ಇಲ್ಲ. ಈ ವಾರ ವಾಚಕರನ್ನು ಆ ದೇಶದ ನಡುಮನೆಗೇ ಕರೆದೊಯ್ಯಬೇಕೆಂದು ನನ್ನ ಆಸೆ. ಪ್ರಯಾಣಕ್ಕೆ ಎರಡು ದಿನ ಸಾಕು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆಗೆ ಹಿಂತಿರುಗಬಹುದು.

ಊರಿನ ಹೆಸರು ಗೊಯಾಸ್. ಅದೇ ಹೆಸರಿನ ರಾಜ್ಯವೊಂದು ಬ್ರೆಜಿಲ್ ದೇಶದ ಮಧ್ಯಭಾಗದಲ್ಲಿದೆ. ರಾಜ್ಯದ ಈಗಿನ ರಾಜಧಾನಿಯಾದ ಗೊಯಾನಿಯಾ ನಗರದಿಂದ ಈ ಊರಿಗೆ ಸುಮಾರು 140 ಕಿಲೋಮೀಟರ್. ದೇಶದ ರಾಜಧಾನಿ ಬ್ರಸೀಲಿಯಾದಿಂದ ಮುನ್ನೂರಕ್ಕೆ ಸ್ವಲ್ಪ ಮೇಲು. ಎರಡೂ ಇಪ್ಪತ್ತನೆಯ ಶತಮಾನದಲ್ಲಿ ನಕ್ಷೆ ಬರೆದು ಕಟ್ಟಿದ ನಗರಗಳು. ಕಾಂಕ್ರೀಟಿನ ನಡುವೆ ವಾರವೆಲ್ಲ ದುಡಿಯುವ ಅಲ್ಲಿಯ ಗೃಹಸ್ಥರು ರಜೆಯ ದಿನಗಳಲ್ಲಿ ಹೆಂಡತಿ ಮಕ್ಕಳೊಡನೆ ಈ ಹಳೆಯ ಊರನ್ನು ಹುಡುಕಿಕೊಂಡು ಬರುತ್ತಾರೆ. ಅವರ ಜೊತೆಯಲ್ಲಿಯೇ ನಾವೂ ಹೊರಡೋಣ.

ದಾರಿಯಲ್ಲಿ ಕಾಡಿಲ್ಲ. ಗಿಡ್ಡಗಿಡ್ಡನೆಯ, ತಿರುಚಿಕೊಂಡ ಕಾಂಡದ, ದಪ್ಪ ತೊಗಟೆಯ ಮರಗಳು ಅಲ್ಲೊಂದು ಇಲ್ಲೊಂದು ನಿಂತ ಹುಲ್ಲುಗಾವಲು; ಇದಕ್ಕೆ ಅವರು ಸೆರಾಡೊ ಎನ್ನುತ್ತಾರೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಮಳೆಯ ಸುಳಿವಿಲ್ಲ. ಆಗ ನೆಲ ಕೆಂಪು, ಹುಲ್ಲು ಕಂದು, ಆಕಾಶ ಮಾತ್ರ ಅಚ್ಚ ನೀಲಿ. ಈ ಹುಲ್ಲಿನಲ್ಲಿ ಮೇಯುತ್ತಿರುವ ದನಗಳನ್ನು ಕಂಡರೆ ನಮ್ಮವರು ಒಂದು ಕ್ಷಣ ಬೆರಗಾಗುವುದು ಖಂಡಿತ. ಬಿಳಿಯ ಮೈ, ಎತ್ತರದ ಇಣಿ, ಜೋಲುವ ಗಂಗೆದೊಗಲು: ಇವು ನಮ್ಮ ನೆರೆಯ ಆಂಧ್ರದ ಓಂಗೋಲು ತಳಿಯ ದನಗಳ ಸಂತತಿ! ಹತ್ತೊಂಬತ್ತನೆಯ ಶತಮಾನದಿಂದ ಹಡಗಿನಲ್ಲಿ ಹೋದವುಗಳ ವಂಶ ಅಲ್ಲಿ ಬೆಳೆದು ದೇಶವನ್ನೇ ತುಂಬಿದೆ. ಅವುಗಳಿಗೆ ಅಲ್ಲಿಯವರು ಇಟ್ಟ ಹೆಸರು ‘ನೆಲೋರೆ’; ನೆಲ್ಲೂರೆಂಬುದರ ರೂಪಾಂತರ. ನೆಲ್ಲೂರು ಎಲ್ಲಿದೆಯೆಂದು ಕೇಳಿದರೆ ಅಲ್ಲಿಯ ದನಗಾಹಿಗಳಲ್ಲಿ ಎಷ್ಟು ಮಂದಿ ಹೇಳಿಯಾರೋ!

ಬೆಟ್ಟಗಳ ಸಾಲೊಂದು ಅಡ್ಡಬರುತ್ತದೆ. ಅದೇ ಸೆರ್ರಾ ದೊರಾದಾ, ಎಂದರೆ ಹೊನ್ನಿನ ಬೆಟ್ಟ. ಬೆಟ್ಟವಿಳಿದು ತಗ್ಗಿಗೆ ಬಂದರೆ ಊರು. ನಡುವೆ ಹರಿಯುವ ಹೊಳೆಯ ಹೆಸರು ರಿಯೊ ವೆರ್ಮೆಲ್ಯೊ. ನಮ್ಮ ಮಾತಿನಲ್ಲಿ ಕೆಂಪು ಹೊಳೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಸದ್ದಿಲ್ಲದೆ ಹರಿಯುವ ಈ ಸಣ್ಣ ಹೊಳೆ ಮುಂದೆ ಅರಗ್ವಾಯ ಎಂಬ ಮಹಾನದಿಯನ್ನು ಸೇರುತ್ತದೆ. ಹೊಳೆಯ ಎರಡು ದಂಡೆಗಳಲ್ಲಿಯೂ ಒಂದಕ್ಕೊಂದು ಅಂಟಿಕೊಂಡ ಒಂದೇ ಅಂತಸ್ತಿನ ಮನೆಗಳು. ಸುಣ್ಣ ಬಳಿದ ಮಣ್ಣಿನ ಗೋಡೆ, ಬಣ್ಣ ಹಚ್ಚಿದ ಮರದ ಕಿಟಕಿ, ಹಂಚಿನ ಮಾಡು. ಬೀದಿಗಳಿಗೆ ಹಾಸಿರುವುದು ಉರುಟು ಕಲ್ಲು. ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸಿ ಬಂದ ಗೃಹಿಣಿಯರು ಹತ್ತು ಹೆಜ್ಜೆಯಲ್ಲಿಯೇ ಅದನ್ನು ಕೈಗೆ ತೆಗೆದುಕೊಳ್ಳಬೇಕಾಗುತ್ತದೆ. ಇಲ್ಲಿ ಅವಸರದ ನಡಿಗೆ ನಡೆಯದು.

ಚೆಲುವಾದ ಈ ಊರಿನ ಹುಟ್ಟು ಮಾತ್ರ ಚೆಲುವಾದ ಕಥೆಯಲ್ಲ. ಬಾರ್ತೊಲೊಮೆವ್ ಬುವೆನೊ ದ ಸಿಲ್ವ ಎಂಬ ಸಾಹಸಿಯೊಬ್ಬ ಹದಿನೇಳನೆಯ ಶತಮಾನದಲ್ಲಿ ಸಾವೊ ಪಾವ್ಲೊ ಕಡೆಯಿಂದ ಹೊನ್ನನ್ನು ಅರಸುತ್ತ ಇಲ್ಲಿಗೆ ಬಂದನಂತೆ. ಇಲ್ಲಿದ್ದ ಗೊಯಾ ಜನರು ಹೊನ್ನಿರುವ ಜಾಗವನ್ನು ತೋರಿಸಲೊಲ್ಲರು. ಅವನು ಒಂದು ತಟ್ಟೆಯಲ್ಲಿ ಕಬ್ಬಿನ ಸಾರಾಯಿಯನ್ನು ಸುರಿದು ಬೆಂಕಿ ಹಚ್ಚಿ, ‘ತೋರಿಸದಿದ್ದರೆ ನಿಮ್ಮ ಹೊಳೆಗಳನ್ನೆಲ್ಲ ಹೀಗೆಯೇ ಉರಿಸಿಬಿಡುತ್ತೇನೆ’ ಎಂದನಂತೆ. ನೀರಿನಂತೆ ಕಾಣುವುದು ಉರಿಯುವುದನ್ನು ಕಂಡ ಆ ಮುಗ್ಧರು ಹೆದರಿ ಅವನನ್ನು ‘ಅನ್ಯಾಂಗ್ವೇರ’, ಎಂದರೆ ಹಳೆಯ ಪಿಶಾಚಿ, ಎಂದು ಕರೆದರು. ಇದು ದಂತಕಥೆ. ಅದೇ ಹೆಸರಿನ ಅವನ ಮಗ 1722ರಲ್ಲಿ ದಂಡು ಕಟ್ಟಿಕೊಂಡು ಹೊರಟು, ಹೊನ್ನನ್ನು ಕಂಡು, ಆ ದಶಕದ ಕೊನೆಯ ಭಾಗದಲ್ಲಿ ಈ ಹೊಳೆಯ ದಂಡೆಯಲ್ಲಿ ಸಂತ ಅನ್ನಾಳ ಹೆಸರಿನಲ್ಲಿ ಪಾಳೆಯ ಹೂಡಿದ್ದು ಇತಿಹಾಸ. ಮುಂದೆ ಅದೇ ‘ವಿಲ ಬೋವಾ’ ಎಂಬ ಪಟ್ಟಣವಾಯಿತು. ಹೊನ್ನನ್ನು ತೊಳೆದು ತೆಗೆದವರು ಆಫ್ರಿಕದಿಂದ ಸರಪಳಿ ಹಾಕಿ ತಂದ ದಾಸರು. ಗೊಯಾ ಜನರೋ, ಒಂದು ರಾಜ್ಯಕ್ಕೆ ತಮ್ಮ ಹೆಸರನ್ನು ಕೊಟ್ಟು ತಾವು ಅಳಿದುಹೋದರು.

ಹೊನ್ನು ಹೆಚ್ಚು ಕಾಲ ಉಳಿಯಲಿಲ್ಲ. ಹದಿನೆಂಟನೆಯ ಶತಮಾನ ಮುಗಿಯುವ ವೇಳೆಗೆ ಹೊಳೆಯ ಮರಳು ಬರಿದಾಗಿತ್ತು. ರಾಜಧಾನಿಯೆಂಬ ಗೌರವವೊಂದು ಮಾತ್ರ ಉಳಿದಿತ್ತು. ಅದೂ 1937ರಲ್ಲಿ ಹೋಯಿತು. ಸುತ್ತಲೂ ಬೆಟ್ಟ ಕವಿದ ತಗ್ಗಿನ ಊರು, ನೀರಿನ ಚರಂಡಿಯ ಅನುಕೂಲವಿಲ್ಲ, ಹಳೆಯ ಮನೆತನಗಳ ದರ್ಬಾರು ಬೇರೆ. ಹೊಸ ಕಾಲಕ್ಕೆ ಹೊಸ ನಗರ ಬೇಕೆಂದು ಗೊಯಾನಿಯಾ ನಗರವನ್ನು ಕಟ್ಟಿಸಿ, ಕಚೇರಿಗಳನ್ನೂ ಅಧಿಕಾರಿಗಳನ್ನೂ ಅಲ್ಲಿಗೆ ಸಾಗಿಸಿದವರು ಪೆದ್ರೊ ಲುದೊವಿಕೊ ತೆಯ್ಷೇರ. ಅವರು ವೈದ್ಯರು, ಹುಟ್ಟಿದ್ದು ಇದೇ ಊರಿನಲ್ಲಿ. ರಾಜಧಾನಿಯನ್ನು ಕೊಂಡೊಯ್ದವರು ಪರಕೀಯರಾಗಿದ್ದರೆ ಊರಿನವರು ಶಪಿಸಿ ಸುಮ್ಮನಾಗಬಹುದಿತ್ತು. ಮನೆಯ ಮಗನೇ ಕೊಂಡೊಯ್ದಾಗ ಏನು ಮಾಡುವುದು?

ಆದರೆ ವಿಧಿಯ ಚಮತ್ಕಾರವನ್ನು ನೋಡಿ. ಹಣವಿಲ್ಲದುದರಿಂದ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವವರು ಕಡಮೆಯಾದರು. ಬಡತನವೇ ಊರಿಗೆ ಕಾವಲು ಕುಳಿತಂತಾಯಿತು. 1978ರಲ್ಲಿ ಬ್ರೆಜಿಲ್ ಸರಕಾರ ಹಳೆಯ ಊರನ್ನು ರಕ್ಷಿತ ಸ್ಥಳವೆಂದು ಸಾರಿತು; 2001ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಕಳೆದುಕೊಂಡ ರಾಜಧಾನಿಯ ಗೌರವವೂ ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಜುಲೈ ತಿಂಗಳ ಊರ ಹಬ್ಬದಲ್ಲಿ ರಾಜ್ಯಪಾಲರೂ ಆಡಳಿತದವರೂ ಇಲ್ಲಿಗೆ ಬಂದು, ಕೆಲವು ದಿನಗಳ ಮಟ್ಟಿಗೆ ಗೊಯಾಸ್ ಪುನಃ ರಾಜಧಾನಿಯೆನಿಸಿಕೊಳ್ಳುತ್ತದೆ. ಮಗನು ದೂರದ ಊರಿನಲ್ಲಿ ದೊಡ್ಡ ಮನೆ ಕಟ್ಟಿಸಿದರೂ ಹಬ್ಬಕ್ಕೆ ತಾಯಿಯ ಮನೆಗೆ ಬರುವಂತೆ!

ಶನಿವಾರದ ಮಧ್ಯಾಹ್ನವನ್ನು ಊರು ಸುತ್ತಲು ಇಟ್ಟುಕೊಳ್ಳಬೇಕು. ಎತ್ತರದ ಚೌಕದಲ್ಲಿ 1760ರ ದಶಕದ ಭಾರಿ ಕಟ್ಟಡವೊಂದಿದೆ. ಮೇಲಿನ ಅಂತಸ್ತಿನಲ್ಲಿ ಪುರಸಭೆ, ಕೆಳಗಿನದರಲ್ಲಿ ಸೆರೆಮನೆ. ಕೆಳಗೆ ಸೆರೆಯಾಳುಗಳನ್ನು ಬಾಗಿಲಿನಿಂದ ಕಳುಹಿಸುತ್ತಿರಲಿಲ್ಲ. ಮೇಲಂತಸ್ತಿನ ನೆಲದಲ್ಲಿದ್ದ ಕಂಡಿಯಿಂದ ಇಳಿಸುತ್ತಿದ್ದರು. ಮೇಲೆ ಕುಳಿತು ಊರಿನ ಹಿತವನ್ನು ಚರ್ಚಿಸುತ್ತಿದ್ದ ಮಹನೀಯರಿಗೆ ಕಾಲಡಿಯ ನಿಟ್ಟುಸಿರು ಕೇಳಿಸುತ್ತಿತ್ತೋ ಇಲ್ಲವೋ! ಈಗ ಅದು ವಸ್ತುಸಂಗ್ರಹಾಲಯ. ಇನ್ನೊಂದು ಕಡೆ ‘ಬೋವಾ ಮೊರ್ತೆ’ ಎಂಬ ಇಗರ್ಜಿ. ನಮ್ಮ ಕರಾವಳಿಯವರು ಚರ್ಚಿಗೆ ಇಗರ್ಜಿಯೆನ್ನುವುದು ಪೋರ್ತುಗೀಜರಿಂದ ಬಂದ ಮಾತು. ಬ್ರೆಜಿಲ್ಲಿನಲ್ಲಿ ಆ ಮಾತು ಹೆಚ್ಚು ವ್ಯತ್ಯಾಸವಿಲ್ಲದೆ ಕಿವಿಗೆ ಬೀಳುತ್ತದೆ. ಬೀಗದ ಕೈಗೆ ನಾವನ್ನುವ ಚಾವಿಯೂ ಅಷ್ಟೇ. ಬೋವಾ ಮೊರ್ತೆಯಲ್ಲಿ ವೇಯ್ಗ ವಾಲ್ಲೆ ಎಂಬ ಹತ್ತೊಂಬತ್ತನೆಯ ಶತಮಾನದ ಶಿಲ್ಪಿ ಮರದಲ್ಲಿ ಕೆತ್ತಿದ ವಿಗ್ರಹಗಳಿವೆ. ಗುರುವಿಲ್ಲದೆ ಕಲಿತ ಆ ಕೈಗಳು ಉಡುಪಿನ ಒಂದೊಂದು ಮಡಿಕೆಯನ್ನೂ ಗಾಳಿಗೆ ಅಲುಗುವಂತೆ ಬಿಡಿಸಿವೆ.

ಏಪ್ರಿಲ್ ಸುಮಾರಿಗೆ, ಕ್ರೈಸ್ತರ ಪವಿತ್ರ ವಾರದಲ್ಲಿ ಬಂದವರಿಗೆ ಮತ್ತೊಂದು ಭಾಗ್ಯವುಂಟು. ಆ ವಾರದ ಬುಧವಾರ ನಡುರಾತ್ರಿಗೆ ಊರಿನ ದೀಪಗಳನ್ನೆಲ್ಲ ಆರಿಸುತ್ತಾರೆ. ತಮ್ಮಟೆಯ ಸದ್ದು ಏಳುತ್ತದೆ. ಮೊನೆಯಾದ ಟೊಪ್ಪಿಗೆಯಿಂದ ಮುಖ ಮುಚ್ಚಿ, ಬಣ್ಣಬಣ್ಣದ ನಿಲುವಂಗಿ ತೊಟ್ಟ ನಲವತ್ತು ಮಂದಿ ಪಂಜುಗಳನ್ನು ಹಿಡಿದು ಬರಿಗಾಲಿನಲ್ಲಿ ಕಲ್ಲುಬೀದಿಯ ಮೇಲೆ ಓಡುತ್ತಾರೆ. ಇವರು ಯೇಸುವನ್ನು ಹಿಡಿಯಲು ಹೊರಟ ಭಟರು. ಬೋವಾ ಮೊರ್ತೆಯಿಂದ ಹೊರಟು ರೊಸಾರಿಯೊ ಇಗರ್ಜಿಗೆ ಬಂದರೆ ಅಲ್ಲಿ ಊಟದ ಮೇಜು ಬರಿದಾಗಿದೆ. ಕೊನೆಗೆ ಹೊಳೆಯಾಚೆಯ ದಿಬ್ಬದ ಇಗರ್ಜಿಯಲ್ಲಿ ಯೇಸು ಸಿಕ್ಕುತ್ತಾನೆ. ಆದರೆ ಅಲ್ಲಿ ಮನುಷ್ಯ ವೇಷಧಾರಿಯಿಲ್ಲ. ಚಿತ್ರ ಬರೆದ ಒಂದು ಬಟ್ಟೆಯ ಪತಾಕೆಯೇ ಯೇಸು. ಹದಿನೆಂಟನೆಯ ಶತಮಾನದ್ದೆನ್ನಲಾದ ಈ ಆಚರಣೆ ನಿಂತುಹೋಗಿತ್ತು. 1965ರ ಸುಮಾರಿಗೆ ಊರಿನವರು ಸಂಘ ಕಟ್ಟಿಕೊಂಡು, ಹಿರಿಯರ ನೆನಪನ್ನು ಕೆದಕಿ, ಮತ್ತೆ ಜೀವ ಕೊಟ್ಟರು. 1965 ಎಂಬ ಈ ವರ್ಷವನ್ನು ವಾಚಕರು ನೆನಪಿಟ್ಟುಕೊಂಡಿರಲಿ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಹಸಿವಾಗಿರಬೇಕು. ಇಲ್ಲಿಯ ಪ್ರಸಿದ್ಧ ತಿಂಡಿ ‘ಎಂಪದಾಂವ್’. ಮಣ್ಣಿನ ಬಟ್ಟಲಿನಲ್ಲಿ ಹಿಟ್ಟಿನ ಹೊದಿಕೆಯೊಳಗೆ ಕೋಳಿ, ಮೊಟ್ಟೆ, ಗಿಣ್ಣು, ಗ್ವಾರಿರೋಬ ಎಂಬ ಕಹಿಯಾದ ತಾಳೆಯ ಸುಳಿ ಇವನ್ನೆಲ್ಲ ತುಂಬಿ ಬೇಯಿಸಿದ್ದು. ಸಸ್ಯಾಹಾರಿಗಳು ಅದನ್ನು ದೂರದಿಂದಲೇ ನೋಡಿ, ಪೆಕಿ ಹಣ್ಣನ್ನು ಹಾಕಿ ಬೇಯಿಸಿದ ಅನ್ನಕ್ಕೆ ಕೈಹಾಕಬಹುದು. ಅರಿಸಿನದ ಬಣ್ಣ, ಬೀದಿಯ ತಿರುವಿನಲ್ಲಿಯೇ ಮೂಗಿಗೆ ಬಡಿಯುವ ವಾಸನೆ. ಆದರೆ ಒಂದು ಎಚ್ಚರಿಕೆ: ಪೆಕಿಯನ್ನು ಕಚ್ಚಬಾರದು. ತಿರುಳಿನ ಕೆಳಗೆ ಸೂಜಿಯಂಥ ಮುಳ್ಳುಗಳು ಒತ್ತಾಗಿವೆ. ಹಲ್ಲಿನಿಂದ ಮೆಲ್ಲಗೆ ಕೆರೆದು ತಿನ್ನಬೇಕು. ಇದನ್ನರಿಯದ ಪರಸ್ಥಳದವರನ್ನು ಊರಿನವರು ಊಟದ ಮೇಜಿನ ಬಳಿಯೇ ಗುರುತಿಸುತ್ತಾರೆ.

ಇನ್ನು ಸಿಹಿ. ಈ ಊರು ಹೆಸರಾಂತುದು ಸಿಹಿತಿಂಡಿಗೆ. ಅಂಜೂರ, ಕಿತ್ತಳೆಯ ಸಿಪ್ಪೆ, ಪರಂಗಿ, ಗೇರುಹಣ್ಣು ಇವನ್ನು ತಾಮ್ರದ ಕಡಾಯಿಯಲ್ಲಿ ಸಕ್ಕರೆ ಪಾಕದೊಡನೆ ಬೇಯಿಸಿ, ಆರಿಸಿ, ಹರಳುಗಟ್ಟಿಸುತ್ತಾರೆ. ಗೇರು ನಮಗೆ ಬಂದದ್ದೇ ಬ್ರೆಜಿಲ್ಲಿನಿಂದ, ಪೋರ್ತುಗೀಜರ ಹಡಗಿನಲ್ಲಿ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ‘ಆಲ್ಫೆನಿಂ’. ಸಕ್ಕರೆಯ ಪಾಕವನ್ನು ಕೈಯಿಂದ ಎಳೆದೆಳೆದು ಹಾಲಿನಂತೆ ಬೆಳ್ಳಗಾಗಿಸಿ, ಆರುವ ಮೊದಲೇ ಪಾರಿವಾಳ, ಹೂವು, ಮೀನು ಎಂದು ತಿದ್ದುತ್ತಾರೆ. ಸಂಕ್ರಾಂತಿಯ ಸಕ್ಕರೆ ಅಚ್ಚುಗಳನ್ನು ಬಲ್ಲ ನಮ್ಮ ಮನೆಗಳವರಿಗೆ ಇದರ ಸೊಬಗನ್ನು ವಿವರಿಸಬೇಕಾಗಿಲ್ಲ; ಅಚ್ಚು ಒಂದಿಲ್ಲ, ಅಷ್ಟೇ ವ್ಯತ್ಯಾಸ. ಮಾತಿನ ಮೂಲವನ್ನು ಹುಡುಕುವ ಚಟ ನನ್ನಂಥ ಅಧ್ಯಾಪಕರಿಗೆ ಇದ್ದದ್ದೇ. ಆಲ್ಫೆನಿಂ ಎಂಬುದು ಅರಬ್ಬೀ ಭಾಷೆಯ ‘ಅಲ್ ಫಾನೀದ್’. ಅದು ಪಾರಸಿಯ ‘ಪಾನೀದ್’. ಪಾರಸಿಗೆ ಬಂದದ್ದು ಸಂಸ್ಕೃತದ ‘ಫಾಣಿತ’ದಿಂದ. ಕಬ್ಬಿನ ಹಾಲನ್ನು ಕಾಸಿ ಗಟ್ಟಿಯಾಗಿಸಿದ ಪಾಕಕ್ಕೆ ಆಯುರ್ವೇದದ ಗ್ರಂಥಗಳಲ್ಲಿ ಇರುವ ಹೆಸರು ಅದು. ನಮ್ಮ ಕಬ್ಬಿನ ಗದ್ದೆಯಿಂದ ಹೊರಟ ಒಂದು ಮಾತು ಪಾರಸಿಕರ, ಅರಬರ, ಪೋರ್ತುಗೀಜರ ನಾಲಗೆಗಳ ಮೇಲೆ ಕರಗುತ್ತ ಎರಡು ಸಾಗರಗಳನ್ನು ದಾಟಿ, ಬ್ರೆಜಿಲ್ಲಿನ ನಟ್ಟನಡುವಿನ ಒಂದು ಸಣ್ಣ ಊರಿನ ಅಡುಗೆಮನೆಯಲ್ಲಿ ಬಿಳಿಯ ಪಾರಿವಾಳವಾಗಿ ಕುಳಿತಿದೆ!

ಅಡುಗೆಮನೆಯ ಮಾತು ಬಂದುದರಿಂದ ಭಾನುವಾರದ ಬೆಳಗನ್ನು ಯಾವ ಮನೆಯಲ್ಲಿ ಕಳೆಯಬೇಕೆಂಬುದು ತಾನಾಗಿ ನಿಶ್ಚಯವಾಯಿತು. ಹೊಳೆಯ ಮರದ ಸೇತುವೆಯ ಬದಿಯಲ್ಲಿ, ನೀರಿಗೆ ತಾಗಿಕೊಂಡಂತೆ ಒಂದು ಹಳೆಯ ಮನೆಯಿದೆ. ‘ಸೇತುವೆಯ ಹಳೆಮನೆ’ ಎಂದೇ ಅದರ ಹೆಸರು. ಹಿತ್ತಲಿನಲ್ಲಿ ಚಿಲುಮೆಯ ನೀರು ಹರಿಯುತ್ತದೆ. ಇಲ್ಲಿ 1889ರ ಆಗಸ್ಟ್ 20ರಂದು ಹೆಣ್ಣುಮಗುವೊಂದು ಹುಟ್ಟಿತು, ಹೆಸರು ಅನ್ನಾ. ಊರಿನ ದೇವತೆ ಸಂತ ಅನ್ನಾ ಆದ್ದರಿಂದ ಮನೆಮನೆಯಲ್ಲಿಯೂ ಅನ್ನಾಗಳೇ. ಹುಡುಗಿ ಬೆಳೆದು ಬರೆಯತೊಡಗಿದಾಗ, ತನ್ನ ಬರಹದ ಕೀರ್ತಿ ಇನ್ನೊಬ್ಬ ಅನ್ನಾಳ ಪಾಲಾಗಬಾರದೆಂದು ‘ಕೊರಾ ಕೊರಾಲಿನಾ’ ಎಂದು ಹೆಸರಿಟ್ಟುಕೊಂಡಳು. ಶಾಲೆಗೆ ಹೋದದ್ದು ಪ್ರಾಥಮಿಕ ತರಗತಿಗಳಿಗೆ ಮಾತ್ರ. ಕಲಿಸಿದವರು ಒಬ್ಬ ವೃದ್ಧ ಉಪಾಧ್ಯಾಯಿನಿ. ಹದಿನೆಂಟರ ವಯಸ್ಸಿನಲ್ಲಿ ಗೆಳತಿಯರೊಡನೆ ‘ಗುಲಾಬಿ’ ಎಂಬರ್ಥದ ಹೆಸರಿನ ಪತ್ರಿಕೆಯನ್ನೂ ನಡೆಸಿದಳು.

1911ರಲ್ಲಿ ವಕೀಲರೊಬ್ಬರ ಕೈಹಿಡಿದು ಸಾವೊ ಪಾವ್ಲೊ ಪ್ರಾಂತಕ್ಕೆ ಹೊರಟುಹೋದ ಆಕೆ ಹಿಂತಿರುಗಿದ್ದು ನಲವತ್ತೈದು ವರ್ಷಗಳ ತರುವಾಯ. ನಡುವೆ ಮಕ್ಕಳಾದುವು, 1934ರಲ್ಲಿ ಪತಿ ತೀರಿಕೊಂಡರು, ಮನೆಮನೆಗೆ ಹೋಗಿ ಪುಸ್ತಕ ಮಾರಿ ಸಂಸಾರ ನಡೆಸಬೇಕಾಯಿತು. 1956ರಲ್ಲಿ, ಅರುವತ್ತೇಳರ ಹತ್ತಿರದ ವಯಸ್ಸಿನಲ್ಲಿ, ಒಬ್ಬಳೇ ಈ ಹಳೆಮನೆಗೆ ಮರಳಿ ಬಂದು ತಾಮ್ರದ ಕಡಾಯಿಯನ್ನು ಒಲೆಯ ಮೇಲಿಟ್ಟಳು. ಅಂಜೂರದ, ಕಿತ್ತಳೆಯ ಸಿಹಿ ಮಾಡಿ ಮಾರುವುದೇ ಜೀವನೋಪಾಯ. ಎಪ್ಪತ್ತರ ವಯಸ್ಸಿನಲ್ಲಿ ಬೆರಳಚ್ಚು ಕಲಿತಳು. 1965ರಲ್ಲಿ, ಎಪ್ಪತ್ತೈದು ತುಂಬಿದ ಮೇಲೆ, ಆಕೆಯ ಮೊದಲ ಕವನ ಸಂಗ್ರಹ ಅಚ್ಚಾಯಿತು. ಪಂಜಿನ ಮೆರವಣಿಗೆಗೆ ಊರಿನವರು ಪುನಃ ಎಣ್ಣೆ ಹಾಕಿದ ಕಾಲವೂ ಅದೇ.

ಏನನ್ನು ಬರೆದಳು? ಊರಿನ ದೊಡ್ಡ ಮನೆತನಗಳ ಪ್ರತಾಪವನ್ನಲ್ಲ. ಬೀದಿಯ ಹಿಂದಿನ ಕಿರಿದಾದ ಓಣಿಗಳು, ಅಲ್ಲಿ ರಾಶಿಬಿದ್ದ ಕಸ, ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸು, ಜೋಳದ ತೆನೆ, ಸಮಾಜ ಮುಖ ತಿರುಗಿಸುವ ಬಡಹೆಣ್ಣುಗಳು ಇವರೇ ಆಕೆಯ ಕಾವ್ಯದ ನಾಯಕ ನಾಯಿಕೆಯರು. ಬ್ರೆಜಿಲ್ ದೇಶದ ಹಿರಿಯ ಕವಿ ಕಾರ್ಲೊಸ್ ದ್ರುಮ್ಮೊಂದ್ ದ ಆಂದ್ರಾದೆ 1980ರಲ್ಲಿ ಪತ್ರಿಕೆಯಲ್ಲಿ ಆಕೆಯನ್ನು ಮೆಚ್ಚಿ ಬರೆದಾಗ ದೇಶವೆಲ್ಲ ಈ ಮನೆಯ ಕಡೆ ತಿರುಗಿತು. ಅಷ್ಟುಹೊತ್ತಿಗೆ ಆಕೆಗೆ ತೊಂಬತ್ತೊಂದು ವರ್ಷ! 1983ರಲ್ಲಿ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು; ಆ ವರ್ಷಕ್ಕಾಗಿ ಲೇಖಕರ ಸಂಘ ಕೊಡುವ ದೊಡ್ಡ ಪ್ರಶಸ್ತಿಯೂ ಬಂದಿತು, ಮಹಿಳೆಯೊಬ್ಬಳಿಗೆ ಮೊದಲ ಬಾರಿಗೆ. 1985ರ ಏಪ್ರಿಲಿನಲ್ಲಿ ಆಕೆ ಕಣ್ಣುಮುಚ್ಚಿದಳು. ಮನೆ ಈಗ ಸ್ಮಾರಕ. ಬೆರಳಚ್ಚಿನ ಯಂತ್ರವೂ ಸಿಹಿಯ ಪಾತ್ರೆಗಳೂ ಅಲ್ಲಿ ಒಂದೇ ಮಾಡಿನಡಿಯಲ್ಲಿವೆ. ಯಾವುದಕ್ಕೆ ಹೆಚ್ಚು ಮರ್ಯಾದೆಯೆಂದು ಹೇಳುವುದು ಕಷ್ಟ. ತನ್ನ ಸಿಹಿಯ ಹದವನ್ನು ಕುರಿತು ಆಕೆಗಿದ್ದ ಅಭಿಮಾನ ಕವಿತೆಯನ್ನು ಕುರಿತದ್ದಕ್ಕಿಂತ ಕಡಮೆಯದಾಗಿರಲಿಲ್ಲ.

ನಮ್ಮ ಮನೆಗಳಲ್ಲಿಯೂ ಇಂಥವರು ಇದ್ದಾರಲ್ಲವೇ? ಹಾಡು ಹಸೆ, ಗಾದೆ, ಕಥೆ, ಊರಿನ ನೂರು ವರ್ಷದ ಸುದ್ದಿ ಎಲ್ಲವನ್ನೂ ಎದೆಯಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತ ಅಜ್ಜಿಯರು, ಅತ್ತೆಯರು. ‘ಈ ವಯಸ್ಸಿನಲ್ಲಿ ಇನ್ನೇನು?’ ಎಂದು ಅವರೂ ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಕೊರಾಳಿಗೂ ಯಾರಾದರೂ ಹಾಗೆ ಅಂದಿರಬೇಕು. ಆಕೆ ಕಿವಿಗೊಡಲಿಲ್ಲವೆಂಬುದೇ ಆ ಊರಿನ ಪುಣ್ಯ.

ಆ ಪುಣ್ಯ ಎಷ್ಟು ದೊಡ್ಡದೆಂಬುದು ತಿಳಿದದ್ದು 2001ರ ಕೊನೆಯ ದಿನ. ವಿಶ್ವಪರಂಪರೆಯ ಗೌರವ ದೊರೆತು ಇನ್ನೂ ಮೂರು ವಾರವಾಗಿರಲಿಲ್ಲ. ಡಿಸೆಂಬರ್ 31ರಂದು ಬಿದ್ದ ಭಾರಿ ಮಳೆಗೆ ಕೆಂಪು ಹೊಳೆ ಉಕ್ಕಿ ಊರೊಳಕ್ಕೆ ನುಗ್ಗಿತು. ಮಣ್ಣಿನ ಗೋಡೆಗಳು ನೀರಿನಲ್ಲಿ ನೆನೆದು ಕುಸಿದುವು. ದಂಡೆಯ ಮೇಲೆ ನಿಂತಿದ್ದ ಅನ್ಯಾಂಗ್ವೇರನ ಶಿಲುಬೆ ಕೊಚ್ಚಿಹೋಯಿತು. ಸೇತುವೆಯ ಹಳೆಮನೆಗೂ ನೀರು ನುಗ್ಗಿ, ಕವಯಿತ್ರಿಯ ವಸ್ತುಗಳಿಗೆ ಹಾನಿಯಾಯಿತು. ಹೊಳೆಗಳನ್ನು ಉರಿಸುತ್ತೇನೆಂದವನ ನೆನಪಿನ ಕಂಬವನ್ನು ಹೊಳೆಯೇ ಕಿತ್ತೊಯ್ದದ್ದನ್ನು ಕಂಡು ಯಾರಿಗಾದರೂ ನಗು ಬಂದಿದ್ದರೆ ಅದು ಬಹಳ ಹೊತ್ತು ಉಳಿದಿರಲಾರದು; ಮುಳುಗಿದ್ದು ಬಡವರ ಮನೆಗಳೂ ಹೌದು. ಕೆಸರು ಒಣಗಿದ ಮೇಲೆ ಮನೆಗಳನ್ನು ಹಳೆಯ ಕ್ರಮದಲ್ಲಿಯೇ ಎತ್ತಿ ನಿಲ್ಲಿಸಿದರು. ಹಳೆಮನೆಯ ಬಾಗಿಲೂ ಪುನಃ ತೆರೆಯಿತು.

ಕಲ್ಲು, ಮಣ್ಣು, ಮರ ಇವನ್ನು ಹೊಳೆ ಕೊಂಡೊಯ್ಯಬಲ್ಲದು. ಹೊನ್ನು ತಾನಾಗಿ ಮುಗಿಯುತ್ತದೆ. ರಾಜಧಾನಿಯನ್ನು ಒಂದು ಆಜ್ಞೆಯಿಂದ ಎತ್ತಿಕೊಂಡು ಹೋಗಬಹುದು. ಗೊಯಾಸ್ ಊರಿಗೆ ಈ ಮೂರು ನಷ್ಟಗಳೂ ಆದುವು. ಹಾಗಿದ್ದೂ ಪ್ರತಿವಾರ ನೂರಾರು ಮೈಲಿಯಿಂದ ಜನ ಬರುವುದು ಏಕೆಂದರೆ, ಕೆಲವರು ಹಳೆಯ ಮೆರವಣಿಗೆಯ ಕ್ರಮವನ್ನು ಮರೆಯಗೊಡಲಿಲ್ಲ, ಕೆಲವರು ಪಾಕದ ಹದವನ್ನು ಮಗಳಿಗೆ ಹೇಳಿಕೊಟ್ಟರು, ಒಬ್ಬ ಮುದುಕಿ ಓಣಿಗಳ ಕಥೆಯನ್ನು ಬರೆದಿಟ್ಟಳು. ಊರನ್ನು ಉಳಿಸಿದವರಲ್ಲಿ ದೊಡ್ಡ ಹುದ್ದೆಯವರು ವಿರಳ.

ಭಾನುವಾರದ ಸಂಜೆ ಹೊರಡುವ ಮುನ್ನ ಸೇತುವೆಯ ಮೇಲೆ ಐದು ನಿಮಿಷ ನಿಲ್ಲಿ. ಕೆಳಗೆ ಬಂಡೆಗಳ ನಡುವೆ ಹೊಳೆ ಏನೂ ಅರಿಯದಂತೆ ಹರಿಯುತ್ತಿರುತ್ತದೆ. ಮನೆಗೆ ಒಯ್ಯಲು ಹರಳುಗಟ್ಟಿದ ಅಂಜೂರದ ಪೊಟ್ಟಣವೊಂದು ಕೈಯಲ್ಲಿರಲಿ. ಅಷ್ಟು ದೂರ ಹೋಗಲಾಗದ ನಮ್ಮಂಥವರು ಬರುವ ಭಾನುವಾರ ಮನೆಯ ಹಿರಿಯ ಹೆಂಗಸರ ಬಳಿ ಒಂದು ನೋಟುಪುಸ್ತಕ ಹಿಡಿದು ಕುಳಿತರೂ ಆದೀತು. ಪಾಕದ ಹದವನ್ನೇ ಮೊದಲು ಕೇಳಿ. ಉಳಿದ ಕಥೆ ತಾನಾಗಿ ಬರುತ್ತದೆ.